ಬುಗುರಿಯ ಮೊದಲ ಸುತ್ತು

ಪ್ರೊಫೆಸರ್ ಕುರ್ಚಿಯಲ್ಲಿ ಕೂತ ಹಾಗೇ ಸತ್ತಿದ್ದರು.

ಸಂಜೆಯ ಚಹಾ ತಂದ ಹುಡುಗಿ ಮೊದಲು ಅವರು ತೂಕಡಿಸುತ್ತಿದ್ದಾರೆ ಎಂದುಕೊಂಡಳು. "ಟೀಚರ್" ಎಂದು ಕರೆದಳು. ಇನ್ನೊಮ್ಮೆ ಕರೆದಳು. ಆಮೇಲೆ ಭುಜ ಮುಟ್ಟಿದಳು. ಅವಳ ಕೈಯಿಂದ ಜಾರಿದ ಲೋಟದ ಸದ್ದು ಇಡೀ ಮಹಡಿಗೆ ಕೇಳಿಸಿತು.

ಇನ್ಸ್‌ಪೆಕ್ಟರ್ ಬರುವ ಹೊತ್ತಿಗೆ ಬಾಗಿಲ ಮುಂದೆ ಬಿಳಿ ಕೋಟುಗಳ ಸಂತೆ ನೆರೆದಿತ್ತು. ಆಕೆಗೆ ಸಂತೆ ಕಂಡರೆ ಆಗದು. ಸತ್ತವರಿಗೆ ಗಾಳಿ ಬೇಡದಿದ್ದರೂ ತನಗೆ ಬೇಕು ಎಂದು ಹೇಳಿ ಎಲ್ಲರನ್ನೂ ಕಾರಿಡಾರಿನ ಆಚೆ ತುದಿಗೆ ಕಳಿಸಿದಳು. ದಫೇದಾರ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಅವನ ಬೆನ್ನು ಬಾಗಿಲಿಗಿಂತ ಸ್ವಲ್ಪವೇ ಚಿಕ್ಕದು.

ಅದು ಮೆದುಳಿನ ಸಂಶೋಧನೆಯ ಸಂಸ್ಥೆ. ಸತ್ತಾಕೆ ಅದರ ಮುಖ್ಯಸ್ಥೆ. ನೆನಪು ಹೇಗೆ ಉಳಿಯುತ್ತದೆ, ಹೇಗೆ ಅಳಿಯುತ್ತದೆ ಎಂಬ ಒಂದೇ ಪ್ರಶ್ನೆಗೆ ಜೀವ ತೇಯ್ದವರು. ಕೋಣೆಯಲ್ಲಿ ಹೊಡೆದಾಟದ ಗುರುತಿರಲಿಲ್ಲ. ಕಿಟಕಿಯ ಚಿಲಕ ಹಾಕಿತ್ತು. ಮೇಜಿನ ಮೇಲೆ ಮಡಚಿಟ್ಟ ಕನ್ನಡಕ, ಅರ್ಧ ಕುಡಿದ ನೀರು. ಮತ್ತೆ ಒಂದು ಬುಗುರಿ.

ಮರದ ಬುಗುರಿ. ಬಣ್ಣವೆಲ್ಲ ಸವೆದು ಹೋಗಿತ್ತು. ಅದಕ್ಕೆ ದಾರ ಸುತ್ತಿತ್ತು. ದಾರದ ತುದಿಯ ಕುಣಿಕೆ ಇನ್ನೂ ಸತ್ತವರ ನಡುಬೆರಳಿನಲ್ಲೇ ಇತ್ತು.

ದಫೇದಾರ ಬಗ್ಗಿ ನೋಡಿದ. "ಮೇಡಂ, ಇದು ಸುತ್ತಿರೋ ರೀತಿ ನೋಡಿ. ಮೊದಲನೇ ಸುತ್ತು ಮೊಳೆ ಕೆಳಗೆ ಅಡ್ಡ ಹೋಗಿದೆ. ಆಮೇಲೆ ಉಳಿದ ಸುತ್ತು ಮೇಲೆ ಬಂದಿವೆ. ನಾವು ಹುಡುಗರಾಗಿದ್ದಾಗ ಹೀಗೆ ಸುತ್ತಿದ್ರೆ ಆಟಕ್ಕೇ ಸೇರಿಸ್ಕೊಳ್ತಿರ್ಲಿಲ್ಲ."

"ತಿರುಗಲ್ವಾ?"

"ತಿರುಗುತ್ತೋ ಏನೋ. ಯಾರೂ ಹೀಗೆ ಸುತ್ತಲ್ಲ."

ಆಕೆ ಬುಗುರಿಯನ್ನು ಸುತ್ತಿದ ದಾರದ ಸಮೇತ ಪಾರದರ್ಶಕ ಚೀಲಕ್ಕೆ ಹಾಕಿಸಿದಳು. ಆಮೇಲೆ ಸತ್ತವರ ರವಿಕೆಯ ಉದ್ದನೆಯ ಎಡ ತೋಳನ್ನು ಮೆಲ್ಲಗೆ ಮೇಲಕ್ಕೆ ಸರಿಸಿದಳು. ಮೊಣಕೈಯ ಒಳಮಗ್ಗುಲಲ್ಲಿ ಒಂದು ಪುಟ್ಟ ಹತ್ತಿ, ಅದರ ಮೇಲೆ ಅಂಟುಪಟ್ಟಿ. ಪಟ್ಟಿಯ ಒಂದು ತುದಿ ಒಳಕ್ಕೆ ಮಡಚಿತ್ತು. ಅದರ ಸುತ್ತ ಸೂಜಿ ಚುಚ್ಚಿದ ಚುಕ್ಕೆಗಳು. ಕೆಲವು ಹಳದಿಗೆ ತಿರುಗಿದ್ದವು, ಕೆಲವು ಇನ್ನೂ ನೀಲಿ.

"ಹಳೇ ರೋಗಿ ಅನ್ಸುತ್ತೆ," ಎಂದ ದಫೇದಾರ.

"ಅಥವಾ ಹಳೇ ಶತ್ರು," ಎಂದಳು ಆಕೆ. ಹೇಳಿದ ಮೇಲೆ ಆ ಮಾತು ಆಕೆಗೇ ಸರಿ ಕಾಣಲಿಲ್ಲ. ಶತ್ರು ಹತ್ತಿ ಇಡುತ್ತಾನೆಯೇ?

*

ಸಂಸ್ಥೆಯ ಉಪಮುಖ್ಯಸ್ಥರು ಮಾತಿಗೆ ಕಾದೇ ಇದ್ದರು. ಎತ್ತರದ ಮನುಷ್ಯ. ಕೋಟಿನ ಇಸ್ತ್ರಿ ಇಂಥ ಹೊತ್ತಿನಲ್ಲೂ ಮುರಿದಿರಲಿಲ್ಲ. ಅವರು ಯಾರ ಮೇಲೂ ಬೆರಳು ತೋರಿಸುವುದಿಲ್ಲ ಎಂದು ಮೊದಲೇ ಹೇಳಿ, ಆಮೇಲೆ ಹತ್ತೂ ಬೆರಳು ಒಂದೇ ಕಡೆ ತೋರಿಸಿದರು.

ಚಹಾ ತಂದವಳೇ ಆ ಹುಡುಗಿ. ಪ್ರೊಫೆಸರರ ಶಿಷ್ಯೆ. ಇಲಿಗಳಿಗೆ ಗಂಟೆ ಬಾರಿಸುವ ಕೆಲಸ ಅವಳದಾದ್ದರಿಂದ ಎಲ್ಲರೂ ಅವಳನ್ನು ಗಂಟೆ ಹುಡುಗಿ ಎನ್ನುತ್ತಿದ್ದರು. ಹಲವು ತಿಂಗಳಿಂದ ಅವಳ ಪ್ರಯೋಗ ಕೆಟ್ಟು ಕೂತಿತ್ತು. ಪ್ರೊಫೆಸರ್ ಅವಳ ಕೈ ಸರಿಯಿಲ್ಲ ಎಂದಿದ್ದರು. ಕಳೆದ ವಾರ ಕಾರಿಡಾರಿನಲ್ಲಿ ದೊಡ್ಡ ಜಗಳವೇ ಆಗಿತ್ತು. ಪದವಿ ಕೈ ತಪ್ಪಿದರೆ ತಾನು ಸುಮ್ಮನೆ ಇರುವವಳಲ್ಲ ಎಂದು ಹುಡುಗಿ ಕೂಗಿದ್ದನ್ನು ಮಹಡಿಯಲ್ಲಿ ಕಿವಿ ಇದ್ದವರೆಲ್ಲ ಕೇಳಿದ್ದರು. ಮದ್ದಿನ ಫ್ರಿಜ್ಜಿನ ಕೀಲಿ ಇದ್ದದ್ದು ಪ್ರೊಫೆಸರ್, ಉಪಮುಖ್ಯಸ್ಥರು ಮತ್ತು ಈ ಹುಡುಗಿಯ ಹತ್ತಿರ ಮಾತ್ರ.

"ಹಾಗಾದ್ರೆ ನಿಮ್ಮ ಹತ್ತಿರಾನೂ ಕೀಲಿ ಇದೆ," ಎಂದಳು ಇನ್ಸ್‌ಪೆಕ್ಟರ್.

ಇಸ್ತ್ರಿ ಮೊದಲ ಸಲ ಸ್ವಲ್ಪ ಮುರಿಯಿತು.

ಮಾರನೆಯ ದಿನ ಮಧ್ಯಾಹ್ನ ಶವಪರೀಕ್ಷೆಯ ಡಾಕ್ಟರು ಫೋನ್ ಮಾಡಿದರು. ರಕ್ತದೊತ್ತಡ ಒಮ್ಮೆಲೇ ಕುಸಿದು ಸಾವು ಬಂದಿತ್ತು. ರಕ್ತದಲ್ಲಿ ಸಿಕ್ಕಿದ ಮದ್ದು ಅದೇ ಸಂಸ್ಥೆಯ ಫ್ರಿಜ್ಜಿನದು. ಅದರ ಜಾತಿಯದೇ ಒಂದನ್ನು ಒಂದು ಬಗೆಯ ಕ್ಯಾನ್ಸರಿಗೆ ಅಳೆದು ತೂಗಿ ಕೊಡುತ್ತಾರೆ. ಅಳತೆ ಮೀರಿದರೆ ಉಳಿಗಾಲವಿಲ್ಲ. ಹಿಂದೆ ಸಣ್ಣ ಸಣ್ಣ ಅಳತೆಯಲ್ಲಿ ಕೊಟ್ಟ ಹಾಗಿತ್ತು. ಕೊನೆಯದು ಮಾತ್ರ ದೊಡ್ಡದು, ಮಧ್ಯಾಹ್ನದ ಊಟದ ಹೊತ್ತಿನದು.

"ಇನ್ನೊಂದು ವಿಷಯ," ಎಂದರು ಡಾಕ್ಟರು. "ಮೆದುಳು ಕುಗ್ಗಿದೆ. ಮರೆವಿನ ಕಾಯಿಲೆ. ಶುರುವಾಗಿ ಸುಮಾರು ದಿನ ಆಗಿದೆ."

ನೆನಪಿನ ಪ್ರೊಫೆಸರಿಗೆ ಮರೆವು. ದೇವರ ತಮಾಷೆಗೆ ಕೆಲವೊಮ್ಮೆ ಹದ ಇರುವುದಿಲ್ಲ.

ಆ ಫೋನ್ ಇಟ್ಟ ಕೂಡಲೇ ಮೇಲಧಿಕಾರಿಯ ಫೋನ್ ಬಂತು. ಜಗಳ ಇದೆ, ಕೀಲಿ ಇದೆ, ಮದ್ದು ಇದೆ, ಇನ್ನೇನು ಬೇಕು ಎಂದು ಅವರು ಕೇಳಿದರು. ಸಂಜೆಯೊಳಗೆ ಹುಡುಗಿಯನ್ನು ಬಂಧಿಸಬೇಕು ಎಂದರು. ಸರಿ ಸಾರ್ ಎಂದು ಆಕೆ ಜೀಪು ಹತ್ತಿ ಮತ್ತೆ ಸಂಸ್ಥೆಗೇ ಹೋದಳು.

*

ಇಲಿಗಳ ಕೋಣೆಯಲ್ಲಿ ಒಣಹುಲ್ಲು ಮತ್ತು ಸ್ಪಿರಿಟ್ಟಿನ ವಾಸನೆ ಬೆರೆತಿತ್ತು. ಸಾಲು ಸಾಲು ಗೂಡುಗಳು. ಗಂಟೆ ಹುಡುಗಿ ನೀರಿನ ಬಾಟಲಿ ಬದಲಾಯಿಸುತ್ತಿದ್ದಳು. ಕಣ್ಣು ಊದಿಕೊಂಡಿದ್ದವು. ತನ್ನನ್ನು ಕರೆದೊಯ್ಯಲು ಬಂದಿದ್ದಾರೆ ಎಂದು ಅವಳಿಗೆ ಗೊತ್ತಿತ್ತು. ಇವಕ್ಕೆ ನೀರು ಇಟ್ಟು ಬರುತ್ತೇನೆ, ನಾಳೆ ಯಾರು ಇಡುತ್ತಾರೋ ಏನೋ ಎಂದಷ್ಟೇ ಹೇಳಿದಳು.

ಇನ್ಸ್‌ಪೆಕ್ಟರ್ ಸ್ಟೂಲು ಎಳೆದುಕೊಂಡು ಕೂತಳು. "ನಿನ್ನ ಪ್ರಯೋಗ ಏನು, ನನಗೆ ಅರ್ಥ ಆಗೋ ಹಾಗೆ ಹೇಳು."

"ಗೋಡೆಗೆ ಹೊಸ ಕಿಟಕಿ ಇಡ್ಬೇಕು ಅಂದ್ರೆ ಮೊದ್ಲು ಒಂದಷ್ಟು ಇಟ್ಟಿಗೆ ಕೀಳ್ಬೇಕಲ್ವಾ ಮೇಡಂ? ನೆನಪೂ ಹಾಗೇ."

ಆಮೇಲೆ ಅವಳು ತಡವರಿಸದೆ ಹೇಳುತ್ತಾ ಹೋದಳು. ನರಕೋಶ ನರಕೋಶದ ನಡುವೆ ಬೆಸುಗೆ ಇರುತ್ತದೆ. ನೆನಪು ಕೂತಿರುವುದು ಆ ಬೆಸುಗೆಯಲ್ಲಿ. ಅದನ್ನು ಹಿಡಿದಿಟ್ಟಿರುವ ಇಟ್ಟಿಗೆಗಳೇ ಪ್ರೋಟೀನು. ಒಂದು ಸಂಗತಿಯನ್ನು ನೆನೆಸಿಕೊಂಡಾಗ ಆ ಬೆಸುಗೆ ಸಡಿಲವಾಗುತ್ತದೆ. ಕೋಶವೇ ಹಳೆಯ ಪ್ರೋಟೀನನ್ನು ಒಡೆದು ಹಾಕುತ್ತದೆ, ಹೊಸದನ್ನು ಕಟ್ಟುತ್ತದೆ. ನೆನೆದಾಗಲೆಲ್ಲ ಒಡೆಯುವುದು, ನೆನೆದಾಗಲೆಲ್ಲ ಕಟ್ಟುವುದು.

ಇಲಿಗೆ ಗಂಟೆ ಬಾರಿಸಿ ಸಣ್ಣ ಶಾಕ್ ಕೊಡುತ್ತಾರೆ. ಆಮೇಲೆ ಗಂಟೆ ಕೇಳಿದರೆ ಸಾಕು, ಇಲಿ ಕಲ್ಲಾಗಿ ನಿಲ್ಲುತ್ತದೆ. ಮಾರನೆಯ ದಿನ ಒಂದೇ ಒಂದು ಸಲ ಗಂಟೆ. ಅದು ನೆನಪಿಸುವ ಗಂಟೆ. ಆ ಕೂಡಲೇ ಕಟ್ಟುವುದನ್ನು ತಡೆಯುವ ಮದ್ದು ಕೊಟ್ಟರೆ ಇಲಿ ಭಯವನ್ನೇ ಮರೆಯುತ್ತದೆ. ಇಟ್ಟಿಗೆ ಕಿತ್ತಾಯಿತು, ಹೊಸದು ಬರಲಿಲ್ಲ, ಗೋಡೆ ಬಿತ್ತು. ಆದರೆ ಜೊತೆಗೆ ಒಡೆಯುವುದನ್ನು ತಡೆಯುವ ಮದ್ದನ್ನೂ ಕೊಟ್ಟರೆ ಇಟ್ಟಿಗೆ ಕೀಳುವುದೇ ಇಲ್ಲ. ಹಳೆಯ ಭಯ ಹಾಗೇ ಉಳಿಯುತ್ತದೆ. ಇದು ಪ್ರೊಫೆಸರರ ಜೀವಮಾನದ ಶೋಧ. ಅವರನ್ನು ಕೊಂದದ್ದೂ ಈ ಎರಡನೆಯ ಮದ್ದೇ.

"ಕೆಟ್ಟಿದ್ದು ಎಲ್ಲಿ?"

"ಎರಡೂ ಮದ್ದು ಕೊಟ್ಟ ಇಲಿ ಭಯ ಇಟ್ಕೋಬೇಕಿತ್ತು. ಇಟ್ಕೋತಾನೂ ಇತ್ತು. ಈಚೆಗೆ ಎಲ್ಲಾ ಮರೀತಿವೆ. ನಾನು ಕೈ ತೊಳೆದು, ಉಸಿರು ಹಿಡಿದು ಮಾಡಿದ್ರೂ ಅದೇ."

"ನಿನ್ನ ಕೈ ಸರಿ ಇದ್ದು, ಇಲಿನೂ ಸರಿ ಇದ್ದು, ಮದ್ದೇ ಸರಿ ಇಲ್ಲದಿದ್ರೆ?"

ಹುಡುಗಿಯ ಕೈಯಲ್ಲಿದ್ದ ಬಾಟಲಿ ಹಾಗೇ ನಿಂತಿತು. ಅವಳು ಈ ಗೂಡುಗಳ ಮುಂದೆ ವರ್ಷಗಟ್ಟಲೆ ನಿಂತವಳು. ತನ್ನ ತಪ್ಪನ್ನು ತಲೆ ಕೆಳಗಾಗುವ ತನಕ ಹುಡುಕಿದ್ದಳು. ಸೀಸೆಯನ್ನು ಮಾತ್ರ ಅನುಮಾನಿಸಿರಲಿಲ್ಲ. ಟೀಚರ್ ಇಟ್ಟ ಸೀಸೆಯಲ್ಲವೇ ಅದು.

"ಯಾರೋ ಹಾಲಿಗೆ ನೀರು ಬೆರೆಸಿದ್ದಾರೆ," ಎಂದಳು ಇನ್ಸ್‌ಪೆಕ್ಟರ್. "ಮದ್ದು ತೆಗೆದು ಅಷ್ಟೇ ನೀರು ಹಾಕಿಟ್ಟಿದ್ದಾರೆ. ನಿನ್ನ ಇಲಿಗಳು ಅವತ್ತಿಂದ ಅದನ್ನೇ ಹೇಳ್ತಿವೆ. ಕೇಳೋರಿಲ್ಲ ಅಷ್ಟೆ."

ಹಾಗಾದರೆ ಕದ್ದವಳು ಇವಳಲ್ಲ. ತನ್ನ ಪದವಿಗೆ ತಾನೇ ಕೊಳ್ಳಿ ಇಡುವವರು ಯಾರು? ಇನ್ನು ಉಳಿದದ್ದು ಇಸ್ತ್ರಿಯ ಮನುಷ್ಯ. ಪ್ರೊಫೆಸರರ ಹೆಸರೂ ಕೆಡಬೇಕು, ಕುರ್ಚಿಯೂ ಖಾಲಿಯಾಗಬೇಕು ಎಂದರೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಇನ್ಸ್‌ಪೆಕ್ಟರ್ ಅದನ್ನೇ ಮೆಲುಕು ಹಾಕುತ್ತಾ ಎದ್ದವಳು ಬಾಗಿಲಲ್ಲಿ ತಿರುಗಿ, ಆ ಮದ್ದನ್ನು ಇಲಿಗೆ ಎಲ್ಲಿಗೆ ಕೊಡುತ್ತಾರೆ ಎಂದು ಕೇಳಿದಳು.

"ತಲೆಗೆ. ಸಣ್ಣ ಕೊಳವೆ ಕೂರಿಸಿ ನೇರ ಮೆದುಳಿಗೆ. ಬೇರೆ ಕಡೆ ಕೊಟ್ರೆ ಪ್ರಯೋಜನ ಇಲ್ಲ ಮೇಡಂ. ರಕ್ತಕ್ಕೂ ಮೆದುಳಿಗೂ ನಡುವೆ ಒಂದು ತಡೆ ಇದೆ. ಈ ಮದ್ದು ಅದನ್ನ ದಾಟಲ್ಲ. ಇಲ್ಲಿ ಕಸ ಗುಡಿಸೋರಿಗೂ ಅದು ಗೊತ್ತು."

ಇನ್ಸ್‌ಪೆಕ್ಟರ್ ಮತ್ತೆ ಬಂದು ಸ್ಟೂಲಿನ ಮೇಲೆ ಕೂತಳು. ತೋಳಿನ ಚುಕ್ಕೆಗಳು ಕಣ್ಣ ಮುಂದೆ ಬಂದವು. ಹಳದಿ, ನೀಲಿ, ಮತ್ತೆ ಹತ್ತಿ. ಕೊಲ್ಲಬೇಕೆನ್ನುವವರು ಒಮ್ಮೆ ಚುಚ್ಚುತ್ತಾರೆ. ಪದೇ ಪದೇ ಚುಚ್ಚಿ ಪ್ರತಿ ಸಲ ಹತ್ತಿ ಒತ್ತುವವರು ಚಿಕಿತ್ಸೆ ಮಾಡುತ್ತಿರುತ್ತಾರೆ. ಮರೆವಿಗೆ ಚಿಕಿತ್ಸೆ. ಮದ್ದಿನ ಗುಣ ಗೊತ್ತಿದ್ದವರು. ತಡೆಯ ವಿಷಯ ಗೊತ್ತಿಲ್ಲದವರು. ಎಂದರೆ ಈ ಕಟ್ಟಡದವರಲ್ಲ.

"ಹೊಸದಾಗಿ ಕಲಿಯೋವಾಗಲೂ ಒಡೀಲೇಬೇಕು," ಹುಡುಗಿ ತನಗೆ ತಾನೇ ಎಂಬಂತೆ ಹೇಳುತ್ತಿದ್ದಳು. "ಟೀಚರ್ ಪ್ರತಿ ಭಾಷಣ ಅದೇ ಮಾತಲ್ಲಿ ಮುಗಿಸೋರು. 'ಒಡೆಯೋದನ್ನ ಬೈಬೇಡಿ. ಅದು ನಿಂತ್ರೆ ನೆನಪೇ ನಿಲ್ಲಲ್ಲ' ಅಂತ."

ಅಷ್ಟರಲ್ಲಿ ದಫೇದಾರ ಅಯ್ಯಯ್ಯೋ ಎಂದು ಕೈ ಕೊಡವಿದ. ಗೂಡಿನ ಒಳಗೆ ಬೆರಳು ತೂರಿಸಿ ಇಲಿಯನ್ನು ಮಾತಾಡಿಸಲು ಹೋಗಿದ್ದ. ಇಲಿ ಉತ್ತರ ಕೊಟ್ಟಿತ್ತು.

*

ಪ್ರೊಫೆಸರರ ಮನೆ ಎರಡು ಬೀದಿ ಆಚೆಗಿತ್ತು. ಅಲ್ಲಿ ಇದ್ದದ್ದು ಅವರ ಅಕ್ಕ ಒಬ್ಬರೇ. ಇಬ್ಬರೂ ಮದುವೆಯಾದವರಲ್ಲ. ದಿನಾ ಮಧ್ಯಾಹ್ನ ತಂಗಿಗೆ ಊಟ ತಂದು, ಬಡಿಸಿ, ಪಾತ್ರೆ ತೊಳೆದುಕೊಂಡು ಹೋಗುತ್ತಿದ್ದುದರಿಂದ ಸಂಸ್ಥೆಯಲ್ಲಿ ಅವರು ಎಲ್ಲರಿಗೂ ಡಬ್ಬಿ ಅಕ್ಕ. ನಿನ್ನೆಯೂ ಬಂದಿದ್ದರು, ಹೋಗಿದ್ದರು. ಕಾವಲಿನವರು ಅವರ ಹೆಸರು ಬರೆದುಕೊಳ್ಳುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಮನೆಯವರನ್ನು ಯಾರಾದರೂ ಬರೆದುಕೊಳ್ಳುತ್ತಾರೆಯೇ?

ಬಾಗಿಲು ತೆಗೆದ ಅಕ್ಕ ಅತ್ತವರ ಹಾಗೆ ಕಾಣಲಿಲ್ಲ. ಅಳು ಇನ್ನೂ ಬಂದಿರದವರ ಹಾಗೆ ಕಂಡರು. ತೆಳ್ಳನೆಯ ಹೆಂಗಸು, ನೆಟ್ಟಗಿನ ಬೆನ್ನು, ಬಿಗಿಯಾಗಿ ಕಟ್ಟಿದ ಬಿಳಿ ಕೂದಲು. ಮೊದಲು ಅವರ ಕಣ್ಣು ಹೋದದ್ದು ಇನ್ಸ್‌ಪೆಕ್ಟರಳ ಟೋಪಿಯ ಕಡೆಗಲ್ಲ, ದಫೇದಾರನ ಬೆರಳಿನ ಕಡೆಗೆ.

"ಇಲಿ ಕಚ್ಚಿದ್ದಾ? ಸೋಪು ಹಾಕಿ ತೊಳೆದ್ರಾ? ಇಲ್ಲ. ಬನ್ನಿ ಈ ಕಡೆ."

ಅವರು ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತಿಯಾದವರು. ಒಂದು ಜೀವಮಾನ ಪೂರ್ತಿ ವಾರ್ಡುಗಳಲ್ಲಿ ಓಡಾಡಿದ ಕಾಲು, ಕೈ. ದಫೇದಾರನನ್ನು ನಲ್ಲಿಯ ಮುಂದೆ ನಿಲ್ಲಿಸಿ ಬೆರಳು ತೊಳೆದರು, ಮದ್ದು ಹಚ್ಚಿದರು, ಹತ್ತಿ ಇಟ್ಟು ಪಟ್ಟಿ ಹಾಕಿದರು. ಅಷ್ಟು ದೊಡ್ಡ ಆಳು ಸ್ಕೂಲು ಹುಡುಗನ ಹಾಗೆ ನಿಂತಿದ್ದ.

ಇನ್ಸ್‌ಪೆಕ್ಟರ್ ಅಷ್ಟರಲ್ಲಿ ಅಡುಗೆಮನೆ ನೋಡಿದಳು. ಡಬ್ಬಗಳ ಮೇಲೆ ದಪ್ಪ ಅಕ್ಷರದಲ್ಲಿ ಸಕ್ಕರೆ, ಉಪ್ಪು ಎಂದು ಬರೆದು ಅಂಟಿಸಿತ್ತು. ಬಚ್ಚಲಿನ ಬಾಗಿಲಿಗೂ ಒಂದು ಚೀಟಿ ಇತ್ತು. ಹೊರಬಾಗಿಲಿನ ಒಳಮಗ್ಗುಲಿಗೆ, "ಅಕ್ಕ ಬರುವ ತನಕ ಹೊರಗೆ ಹೋಗಬೇಡ."

ಅದು ತಂಗಿಗೆ ಬರೆದದ್ದೇ ಎಂದು ಕೇಳಿದಾಗ ಅಕ್ಕ ಚೀಟಿಯ ಎದ್ದ ಅಂಚನ್ನು ಒತ್ತಿ ಸರಿ ಮಾಡಿದರು. ತಂಗಿಗೆ ಸಣ್ಣವಳಿದ್ದಾಗಿನಿಂದಲೂ ಪರಧ್ಯಾನ ಜಾಸ್ತಿ ಎಂದರು. ತಾಯಿ ಇಲ್ಲದ ಮಗುವನ್ನು ತಾನೇ ಎತ್ತಿ ಆಡಿಸಿದ್ದು. ಅವಳು ಸ್ಕೂಲಿಗೆ ಹೋಗಲೆಂದು ತಾನು ಸ್ಕೂಲು ಬಿಟ್ಟು ನರ್ಸ್ ಕೆಲಸ ಕಲಿತದ್ದು. ಇದನ್ನೆಲ್ಲ ಹೇಳುವಾಗ ಅವರ ಸ್ವರದಲ್ಲಿ ಉಪಕಾರದ ಲೆಕ್ಕವೇನೂ ಇರಲಿಲ್ಲ.

ನಡುಮನೆಯಲ್ಲಿ ಗೋಡೆಗೆ ಮುಖ ಮಾಡಿದ ಒಂದು ಒಂಟಿ ಕುರ್ಚಿ ಇತ್ತು. ಇನ್ಸ್‌ಪೆಕ್ಟರ್ ಅದನ್ನೇ ನೋಡುವುದನ್ನು ಕಂಡು ಅಕ್ಕನ ಮುಖ ಸ್ವಲ್ಪ ಬೆಳಗಿತು.

"ಅದು ನನ್ನ ಕುರ್ಚಿ. ಪುಟ್ಟಿ ಯಾವ ಊರಲ್ಲಿ ಭಾಷಣ ಮಾಡಬೇಕಾದ್ರೂ ಮೊದ್ಲು ನನ್ನ ಮುಂದೆ ಮಾಡೋಳು. ಆ ಗೋಡೆ ಹತ್ರ ನಿಂತ್ಕೊಂಡು. ನಾನೇ ಅವಳ ಸಭೆ. ಎಲ್ಲಾ ಬಾಯಿಪಾಠ ಆಗ್ಬಿಟ್ಟಿದೆ."

"ಪೂರ್ತಿ ಕೇಳ್ತಿದ್ರಾ?"

"ಕೊನೇ ಮಾತು ಬರೋಷ್ಟರಲ್ಲಿ ಒಲೆ ಹತ್ರ ಓಡ್ತಿದ್ದೆ. ಮುಗಿಸಿದ ಕೂಡ್ಲೇ ಅವಳಿಗೆ ಹಸಿವು."

ಬುಗುರಿಯ ಬಗ್ಗೆ ಕೇಳಿದಾಗ ಮಾತ್ರ ಅಕ್ಕ ಕಿಟಕಿಯ ಕಡೆ ತಿರುಗಿದರು. ಹಳೆಯದು, ಅವಳು ಆಡುತ್ತಿದ್ದದ್ದು ಎಂದಷ್ಟೇ ಹೇಳಿದರು. ಆಮೇಲೆ ತಂಗಿಯ ದೇಹ ಯಾವಾಗ ಕೊಡುತ್ತೀರಿ ಎಂದು ಕೇಳಿದರು. ನಾಳೆ ಬೆಳಿಗ್ಗೆ ಎಂದಳು ಇನ್ಸ್‌ಪೆಕ್ಟರ್. ಅಕ್ಕ ತಲೆಯಾಡಿಸಿದರು.

*

ಜೀಪು ಬೀದಿಯ ತಿರುವು ದಾಟುತ್ತಿತ್ತು. ಸಂಜೆ ಹತ್ತಿರವಾಗಿತ್ತು. ಮೇಲಧಿಕಾರಿಯ ಹೆಸರು ಫೋನಿನಲ್ಲಿ ಮತ್ತೆ ಮತ್ತೆ ಮಿನುಗುತ್ತಿತ್ತು. ಆಕೆ ಅದನ್ನು ಮಗುಚಿ ಇಟ್ಟಳು.

"ಅಕ್ಕ ಒಳ್ಳೆಯವ್ರು ಮೇಡಂ," ಎಂದ ದಫೇದಾರ ಬೆರಳನ್ನು ಹಿಂದೆ ಮುಂದೆ ಮಾಡಿ ನೋಡುತ್ತಾ. "ನನ್ನ ಹೆಂಡತಿ ಪಟ್ಟಿ ಹಾಕಿದ್ರೆ ಕೀಳೋವಾಗ ಚರ್ಮಾನೂ ಬರುತ್ತೆ. ಇವ್ರು ನೋಡಿ, ಬಿಚ್ಚೋಕೆ ಸುಲಭ ಆಗ್ಲಿ ಅಂತ ತುದಿ ಮಡಚಿದ್ದಾರೆ."

ಆಕೆ ಬ್ರೇಕ್ ಒತ್ತಿದಳು. ಹಿಂದಿನ ಗಾಡಿಯವನು ಬೈದುಕೊಂಡು ಪಕ್ಕದಲ್ಲಿ ಹೋದ.

ಆಕೆ ದಫೇದಾರನ ಕೈ ಹಿಡಿದು ಬೆಳಕಿಗೆ ಎತ್ತಿದಳು. ಸಣ್ಣ ಹತ್ತಿ, ಅದರ ಮೇಲೆ ಅಂಟುಪಟ್ಟಿ. ಒಂದು ತುದಿ ಒಳಕ್ಕೆ ಮಡಚಿತ್ತು. ಕಳ್ಳ ಸಿಕ್ಕಿದಾಗ ಆಕೆಗೆ ಪ್ರತಿ ಸಲ ಒಂದು ಖುಷಿ ಆಗುತ್ತಿತ್ತು. ಈ ಸಲ ಆಗಲಿಲ್ಲ. ಜೀಪನ್ನು ತಿರುಗಿಸಿದಳು.

*

ಅಕ್ಕ ಗೋಡೆಗೆ ಮುಖ ಮಾಡಿ ಅದೇ ಕುರ್ಚಿಯಲ್ಲಿ ಕೂತಿದ್ದರು. ಬಾಗಿಲು ಹಾಕಿರಲಿಲ್ಲ. ಇನ್ಸ್‌ಪೆಕ್ಟರ್ ಎದುರಿಗೆ, ತಂಗಿ ನಿಲ್ಲುತ್ತಿದ್ದ ಜಾಗದಲ್ಲಿ ನಿಂತಳು.

"ಸಂಜೆಯೊಳಗೆ ಒಬ್ಬ ಹುಡುಗಿಯನ್ನ ಬಂಧಿಸಬೇಕು ಅಂತ ನನಗೆ ಹೇಳಿದ್ದಾರೆ ಅಕ್ಕ. ಗಂಟೆ ಬಾರಿಸೋ ಹುಡುಗಿಯನ್ನ."

ಅಕ್ಕ ಥಟ್ಟನೆ ತಲೆ ಎತ್ತಿದರು. "ಅವಳ್ಯಾಕೆ? ಅವಳೇನು ಮಾಡಿದಳು? ಡಬ್ಬಿಯಲ್ಲಿ ಅವಳಿಗೂ ಒಂದು ತುತ್ತು ಇಡ್ತಿದ್ದೆ ನಾನು."

"ಹಾಗಾದ್ರೆ ಯಾರು ಅಂತ ನೀವೇ ಹೇಳಿ."

ಅಕ್ಕ ತಲೆ ತಗ್ಗಿಸಿದರು. ಇನ್ಸ್‌ಪೆಕ್ಟರ್ ತಾನು ಕಂಡದ್ದನ್ನು ಒಂದೊಂದಾಗಿ ಹೇಳಿದಳು. ಪದೇ ಪದೇ ಚುಚ್ಚಿ ಪಟ್ಟಿ ಹಾಕಿದವರು ಕೊಲ್ಲಲು ಬಂದವರಲ್ಲ. ತೋಳಿಗೆ ಚುಚ್ಚಿದವರು ಸಂಸ್ಥೆಯವರಲ್ಲ. ಇಲಿಗೆ ಮೊದಲು ಗಂಟೆ, ಆಮೇಲೆ ಮದ್ದು. ಪ್ರೊಫೆಸರಿಗೆ ಮೊದಲು ಬುಗುರಿ, ಆಮೇಲೆ ಮದ್ದು. ಆ ಕ್ರಮವನ್ನು ಬಾಯಿಪಾಠ ಮಾಡಿದವರು ಸಂಸ್ಥೆಯ ಹೊರಗೆ ಒಬ್ಬರೇ ಇದ್ದಾರೆ. ಊಟದ ಪಾತ್ರೆ ತೊಳೆಯುವ ತೊಟ್ಟಿ ಫ್ರಿಜ್ಜಿನ ಪಕ್ಕದಲ್ಲೇ ಇದೆ. ತಂಗಿಯ ಕೈಚೀಲದಲ್ಲಿ ಕೀಲಿ ಇದೆ. ತೆಗೆದಷ್ಟು ಮದ್ದಿಗೆ ಉಪ್ಪುನೀರು ತುಂಬಿಸುವುದು ನರ್ಸಿಗೆ ಕಷ್ಟದ ಕೆಲಸವಲ್ಲ. ಕೊನೆಯದಾಗಿ ಆಕೆ ದಫೇದಾರನ ಬೆರಳು ತೋರಿಸಿದಳು. ಅವನು ನೆಲ ನೋಡಿದ.

"ಮಕ್ಕಳ ವಾರ್ಡಲ್ಲಿ ಕಲಿತಿದ್ದು," ಎಂದರು ಅಕ್ಕ. "ಕೀಳೋವಾಗ ಮಕ್ಕಳು ಅಳಬಾರದು ಅಂತ."

ಆಮೇಲೆ ತಾವಾಗಿಯೇ ಹೇಳಿದರು. ತಂಗಿಗೆ ಮೊದಮೊದಲು ಹೆಸರುಗಳು ಹೋದವು. ಆಮೇಲೆ ದಾರಿಗಳು. ಸಂಸ್ಥೆಯಲ್ಲಿ ಗೊತ್ತಾಗದ ಹಾಗೆ ಅಕ್ಕ ಜೊತೆಗೇ ನಡೆದರು, ಊಟದ ನೆಪದಲ್ಲಿ ಎಲ್ಲ ನೆನಪಿಸಿ ಬಂದರು. ಒಂದು ದಿನ ತಾಯಿಯ ಮುಖ ಹೋಯಿತು. ಅಕ್ಕನಿಗೆ ಭಾಷಣ ನೆನಪಾಯಿತು. ನೆನೆದಾಗಲೆಲ್ಲ ಒಡೆಯುತ್ತದೆ, ಮತ್ತೆ ಕಟ್ಟುತ್ತದೆ. ಇವಳಿಗೆ ಕಟ್ಟುವ ಶಕ್ತಿ ಉಡುಗಿದೆ. ಒಡೆಯುವುದು ಮಾತ್ರ ನಡೆದೇ ಇದೆ. ಹಾಗಾದರೆ ಒಡೆಯುವುದನ್ನು ನಿಲ್ಲಿಸಿದರೆ ಇದ್ದಷ್ಟಾದರೂ ಉಳಿಯುತ್ತದಲ್ಲ?

"ಬುಗುರಿ ನಾನು ಕಲಿಸಿದ್ದು. ಅವಳ ಬೆರಳು ತೀರಾ ಸಣ್ಣ, ದಾರ ಜಾರೋದು. ಅದಕ್ಕೆ ಮೊದಲನೇ ಸುತ್ತು ಮೊಳೆ ಕೆಳಗೆ ಅಡ್ಡ ಹಾಕೋಕೆ ಹೇಳಿಕೊಟ್ಟೆ. ಊರಲ್ಲಿ ಇನ್ಯಾರೂ ಹಾಗೆ ಸುತ್ತುತ್ತಿರಲಿಲ್ಲ. ದಿನಾ ಬುಗುರಿ ಕೈಗೆ ಕೊಟ್ಟು ಆ ಕಥೆ ಹೇಳ್ತಿದ್ದೆ. ನಕ್ಕಳು ಅಂದ್ರೆ ನೆನಪು ಬಂತು ಅಂತ. ಆಗ ಚುಚ್ತಿದ್ದೆ. ಶಕ್ತಿಯ ಇಂಜೆಕ್ಷನ್ ಅಂದಿದ್ದೆ. ಅಕ್ಕ ಹೇಳಿದ ಮೇಲೆ ಮುಗೀತು, ಅವಳು ಕೈ ಚಾಚೋಳು."

"ನಿನ್ನೆ?"

ಅಕ್ಕನ ಬೆನ್ನು ಮೊದಲ ಸಲ ಬಾಗಿತು.

"ನಿನ್ನೆ ಡಬ್ಬಿ ಬಿಚ್ಚಿದೆ. ಅವಳು ನನ್ನ ಮುಖ ನೋಡಿ, ಬಹಳ ಮರ್ಯಾದೆಯಿಂದ, 'ನೀವು ಯಾರು? ಕೂತ್ಕೊಳ್ಳಿ' ಅಂದಳು. ಹುಟ್ಟಿದಾಗಿಂದ ನನಗೆ ನೀನು ಅಂದವಳು. ಕಥೆ ಹೇಳಿದೆ, ನಗಲಿಲ್ಲ. ದಾರ ಕೈಗೆ ಕೊಟ್ಟೆ, ಏನಿದು ಅಂತ ಮೇಜಿನ ಮೇಲೆ ಇಟ್ಟಳು. ನನಗೆ ತಲೆ ಕೆಟ್ಟುಹೋಯ್ತು. ಸೀಸೆಯಿಂದ ತೆಗೆದಿಟ್ಕೊಂಡಿದ್ದನ್ನೆಲ್ಲ ಒಂದೇ ಸಲ ಕೊಟ್ಟುಬಿಟ್ಟೆ. ನರ್ಸ್ ನಾನು. ಅಳತೆ ನೋಡ್ಲಿಲ್ಲ."

ಸುದ್ದಿ ಬಂದಾಗಲೇ ತನ್ನ ಕೈ ಕೆಲಸ ಎಂದು ಅವರಿಗೆ ಗೊತ್ತಾಗಿತ್ತು. ನಾಳೆ ತಂಗಿಯನ್ನು ಕಳಿಸಿಕೊಟ್ಟ ಮೇಲೆ ತಾವೇ ಠಾಣೆಗೆ ಬರುವವರಿದ್ದರು. ಅವಳಿಗೆ ಮಣ್ಣು ಹಾಕಲು ಬೇರೆ ಯಾರಿದ್ದಾರೆ ಎಂದು ಕೇಳಿದರು. ಹುಡುಗಿಯ ವಿಷಯ ತಿಳಿದಿದ್ದರೆ ನಿನ್ನೆಯೇ ಬರುತ್ತಿದ್ದೆ ಎಂದರು. ಆ ಮಾತನ್ನು ಇನ್ಸ್‌ಪೆಕ್ಟರ್ ನಂಬಿದಳು.

"ನಾಳೆ ನಿಮ್ಮನ್ನ ಅಲ್ಲಿಗೆ ನಾನೇ ಕರ್ಕೊಂಡು ಹೋಗ್ತೀನಿ," ಎಂದಳು. ಕಾನೂನಿನಲ್ಲಿ ಅದಕ್ಕೆ ಎಡೆ ಇದೆಯೋ ಇಲ್ಲವೋ ಆಮೇಲೆ ನೋಡಿದರಾಯಿತು.

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು. "ಒಂದು ಕೇಳ್ತೀನಿ. ಹೋಗೋ ಹೊತ್ತಿಗಾದ್ರೂ ಅವಳಿಗೆ ನನ್ನ ನೆನಪು ಇತ್ತಾ? ಆ ಮದ್ದು ಅಷ್ಟಾದ್ರೂ ಮಾಡ್ತಾ?"

ಆ ಮದ್ದು ಒಂದು ದಿನವೂ ಮೆದುಳನ್ನು ಮುಟ್ಟಿರಲಿಲ್ಲ. ತಂಗಿ ಪ್ರತಿ ಭಾಷಣದ ಕೊನೆಗೆ ಹೇಳುತ್ತಿದ್ದ ಮಾತು ಈ ಕುರ್ಚಿಯವರೆಗೆ ಒಮ್ಮೆಯೂ ತಲುಪಿರಲಿಲ್ಲ. ಅದು ಕೋರ್ಟಿನಲ್ಲಿ ಹೇಗೂ ಹೊರಬರುತ್ತದೆ. ಇನ್ಸ್‌ಪೆಕ್ಟರಿಗೆ ಅದನ್ನು ಈ ಹೊತ್ತು ಹೇಳಲು ಬಾಯಿ ಬರಲಿಲ್ಲ. ಆದರೆ ಸುಳ್ಳು ಹೇಳುವ ಅಗತ್ಯವೂ ಇರಲಿಲ್ಲ.

"ನೀವು ಹೊರಟಾಗ ದಾರ ಹೇಗಿತ್ತು?"

"ಬಿಚ್ಚಿ ಬಿದ್ದಿತ್ತು, ಬುಗುರಿ ಪಕ್ಕದಲ್ಲಿ. ಅವಳಿಗೆ ಸುತ್ತೋಕೆ ಬರದೆ ಎಷ್ಟೋ ದಿನ ಆಗಿತ್ತು."

ಇನ್ಸ್‌ಪೆಕ್ಟರ್ ಪಾರದರ್ಶಕ ಚೀಲವನ್ನು ತೆಗೆದು ಅಕ್ಕನ ಮಡಿಲಲ್ಲಿ ಇಟ್ಟಳು. ಬುಗುರಿಗೆ ದಾರ ಸುತ್ತಿತ್ತು. ಮೊದಲನೆಯ ಸುತ್ತು ಮೊಳೆಯ ಕೆಳಗೆ ಅಡ್ಡ ಹೋಗಿತ್ತು. ತುದಿಯ ಕುಣಿಕೆ ತಂಗಿಯ ಬೆರಳಿನಲ್ಲಿತ್ತು, ನಾವೇ ಬಿಡಿಸಿದೆವು ಎಂದು ಆಕೆ ಮೆಲ್ಲಗೆ ಹೇಳಿದಳು.

ಅಕ್ಕ ಚೀಲದ ಮೇಲಿನಿಂದಲೇ ಆ ಅಡ್ಡ ಸುತ್ತನ್ನು ಬೆರಳಿನಿಂದ ಸವರಿದರು. ಒಮ್ಮೆ ಮುಖ ಅರಳಿತು. ಅರಳಿದ ಹಾಗೇ ಒಡೆದು ಹೋಯಿತು.

"ಇದ್ದಳು," ಎಂದರು. "ನಾನು ಚುಚ್ಚಿದಾಗ ಅವಳು ಇನ್ನೂ ಒಳಗೆ ಇದ್ದಳು."

ಆಗ ಅವರಿಗೆ ಅಳು ಬಂತು. ದಫೇದಾರ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ.

*

ಗಂಟೆ ಹುಡುಗಿಯನ್ನು ಯಾರೂ ಬಂಧಿಸಲಿಲ್ಲ. ಸೀಸೆಯಲ್ಲಿ ಇದ್ದದ್ದು ಹೆಚ್ಚಿನಂಶ ಉಪ್ಪುನೀರೇ ಎಂದು ವರದಿ ಬಂತು. ಉಪಮುಖ್ಯಸ್ಥರು ಅವಳ ಕೈ ಕುಲುಕಿ, ತಮಗೆ ಮೊದಲಿನಿಂದಲೂ ಅವಳ ಮೇಲೆ ನಂಬಿಕೆ ಇತ್ತು ಎಂದರು. ಹುಡುಗಿ ಇನ್ಸ್‌ಪೆಕ್ಟರಿಗೆ ಧನ್ಯವಾದ ಹೇಳಲು ಠಾಣೆಗೆ ಬಂದಳು. ಕೂತು ಅತ್ತಳು. ಟೀಚರ್ ತನ್ನ ಕೈ ಸರಿಯಿಲ್ಲ ಎಂದುಕೊಂಡೇ ಹೋಗಿಬಿಟ್ಟರು ಎನ್ನುವುದು ಅವಳ ಸಂಕಟ. ಅದಕ್ಕೆ ಇನ್ಸ್‌ಪೆಕ್ಟರಳ ಹತ್ತಿರ ಯಾವ ಸಾಕ್ಷಿಯೂ ಇರಲಿಲ್ಲ.

ಹೋಗುವಾಗ ಹುಡುಗಿ ಬುಗುರಿಯನ್ನು ನೋಡಿ ಒಂದು ಮಾತು ಹೇಳಿದಳು. ಕೈ ಕಲಿತದ್ದು ಮೆದುಳಿನಲ್ಲಿ ಬೇರೆ ಜಾಗದಲ್ಲಿ ಇರುತ್ತದೆ, ಮುಖ ಮರೆತ ಮೇಲೂ ಎಷ್ಟೋ ಕಾಲ ಉಳಿಯುತ್ತದೆ, ಕೆಲವು ದಿನ ಅಡಗಿ ಕೂತು ಕೆಲವು ದಿನ ತಾನಾಗಿ ಬರುತ್ತದೆ. ಹಾಗಾದರೆ ಆ ಹೊತ್ತಿಗೆ ಟೀಚರಿಗೆ ಅಕ್ಕನೇ ನೆನಪಾಗಿದ್ದರೋ, ಬರೀ ಕೈಗೆ ದಾರ ನೆನಪಾಗಿತ್ತೋ ಎಂದು ಇನ್ಸ್‌ಪೆಕ್ಟರ್ ಕೇಳಿದಳು. ಅದನ್ನು ಯಾವ ಇಲಿಯೂ ಹೇಳಲಾರದು ಎಂದಳು ಹುಡುಗಿ.

ಅಕ್ಕ ತಂಗಿಯನ್ನು ಮಣ್ಣು ಮಾಡಿ ಬಂದು, ತಾವೇ ಜೀಪು ಹತ್ತಿದ್ದರು. ದಾರಿಯಲ್ಲಿ ಕೇಳಿಕೊಂಡದ್ದು ಒಂದೇ. ಆ ದಾರವನ್ನು ಯಾರೂ ಬಿಚ್ಚದಿರಲಿ.

ಸಾಕ್ಷ್ಯದ ಕಪಾಟಿನ ಮುಂದೆ ದಫೇದಾರ ಚೀಲ ಹಿಡಿದು ನಿಂತಿದ್ದ. ಅವನ ಬೆರಳಿನ ಪಟ್ಟಿ ಕೊಳೆಯಾಗಿತ್ತು, ಇನ್ನೂ ತೆಗೆದಿರಲಿಲ್ಲ. ಇನ್ಸ್‌ಪೆಕ್ಟರ್ ಚೀಲದ ಚೀಟಿಯಲ್ಲಿ ಕೇಸಿನ ಸಂಖ್ಯೆ ಬರೆದಳು. ಆಮೇಲೆ ಅದರ ಕೆಳಗೆ, ಇಲಾಖೆಯ ಯಾವ ನಿಯಮದಲ್ಲೂ ಇಲ್ಲದ ಒಂದು ಸಾಲು ಸೇರಿಸಿದಳು. ಸುತ್ತು ಬಿಚ್ಚಬಾರದು.

"ಕೋರ್ಟಲ್ಲಿ ಯಾಕೆ ಅಂತ ಕೇಳಿದ್ರೆ ಮೇಡಂ?"

"ನಾನು ಹೇಳಿದೆ ಅನ್ನು," ಎಂದು ಆಕೆ ಕಪಾಟಿಗೆ ಬೀಗ ಹಾಕಿದಳು.